ಹಸಿರು ಸಾಲಿನ ಊಟ

ಮೊಲೋ, ಇಲೋಯ್ಲೋ
ಜುಲೈ ೯, ಸೋಮವಾರ ಬೆಳಗ್ಗೆ

ಪ್ರೀತಿಯ ಮನಾಂಗ್ ಲುದಿಂಗ್,

ನಿನ್ನ ಮಂಡಿನೋವು ಹೇಗಿದೆ? ಕಲ್ಲಿನ ನೆಲದ ಮೇಲೆ ಮೊಣಕಾಲೂರುವಾಗ ಕೆಳಗೊಂದು ದಿಂಬು ಇಟ್ಟುಕೋ ಎಂದು ಎಷ್ಟು ಸಲ ಬರೆದಿದ್ದೇನೆ, ನೀನು ಕೇಳುವವಳಲ್ಲ. ದಿಂಬು ಕಂಡು ದೇವರೇನು ಮುನಿಸಿಕೊಳ್ಳುವುದಿಲ್ಲ ಅಕ್ಕಾ. ಮಠದಲ್ಲಿ ನಿನಗೆ ಬೇರೆ ಹೆಸರಿದೆ, ಗೊತ್ತು. ಆದರೆ ನನಗೆ ನೀನು ಮನಾಂಗ್, ನನ್ನ ದೊಡ್ಡಕ್ಕ, ಅಷ್ಟೇ. ಕೆಮ್ಮಿಗೆ ಕಳಿಸಿದ ಶುಂಠಿ ಪುಡಿ ಮುಗಿದಿದ್ದರೆ ಹೇಳು. ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಎಂದರೆ ಎಷ್ಟು ಚೆನ್ನಾಗಿ ಎಂಬುದನ್ನು ಹೇಳುವುದಕ್ಕೇ ಈ ಕಾಗದ. ಮಠಕ್ಕೆ ಬರುವ ಕಾಗದಗಳನ್ನೆಲ್ಲ ಮೊದಲು ಮದರ್ ಓದುತ್ತಾರೆ ಎಂದು ಇಷ್ಟು ವರ್ಷ ನಾನು ಬಾಯಿಗೆ ಬೀಗ ಹಾಕಿಕೊಂಡು, ಹವಾಮಾನ, ಹಬ್ಬ, ಯಾರಿಗೆ ಮಗುವಾಯಿತು ಇಷ್ಟನ್ನೇ ಬರೆಯುತ್ತಿದ್ದೆ. ಇದು ಬೇರೆ ದಾರಿಯಲ್ಲಿ ಬರುತ್ತಿದೆ, ನಿನ್ನ ಕೈಗೇ ಸಿಗುತ್ತದೆ. ಹೇಗೆ ಎಂದು ಕೊನೆಗೆ ಹೇಳುತ್ತೇನೆ. ಹಾಗಾಗಿ ಇವತ್ತು ಮನಸ್ಸಿನಲ್ಲಿರುವುದನ್ನೆಲ್ಲ ಹೊರಗೆ ಹಾಕುತ್ತೇನೆ. ನಡುವೆ ಎಲ್ಲಿಯೂ ಶಿಲುಬೆ ಗುರುತು ಹಾಕಿಕೊಂಡು ನಿಲ್ಲಿಸಬೇಡ, ಪೂರ್ತಿ ಓದು.

ಹೋದ ವರ್ಷದ ಸಂತ ಮಾರ್ತಾಳ ಹಬ್ಬದಲ್ಲಿ ಏನಾಯಿತು ಎಂದು ನಾನು ನಿನಗೆ ಬರೆಯಲಿಲ್ಲ. "ಈ ಸಲ ಕ್ಲಿಯೋಫೆ ನಡೆದಳು" ಎಂದಷ್ಟೇ ಬರೆದೆ. ನೀನು "ಒಳ್ಳೆಯದಾಯಿತು, ಅಣ್ಣನ ಹೆಂಡತಿಗೂ ಒಂದು ಅವಕಾಶ" ಎಂದು ಉತ್ತರ ಬರೆದೆ. ಆ ಸಾಲು ಓದಿ ನಾನು ಎರಡು ದಿನ ನಿನ್ನ ಮೇಲೂ ಸಿಟ್ಟಾಗಿದ್ದೆ, ಈಗ ಹೇಳುತ್ತೇನೆ. ನೆನಪು ಮಾಡಿಕೋ. ಅಮ್ಮ ಸಾಯುವ ಮುಂಚೆ, ಮಾತು ಅರ್ಧ ಬಿದ್ದುಹೋಗಿದ್ದಾಗ, ನನ್ನ ಕೈ ಹಿಡಿದುಕೊಂಡು ಹೇಳಿದ್ದು ಒಂದೇ: "ಪೆಪಿಂಗ್, ಮಾರ್ತಮ್ಮನ ಹಿಂದೆ ನೀನು ನಡಿ. ನನ್ನ ಬಟ್ಟೆ ಹಾಕ್ಕೊಂಡು ನಡಿ." ನಾನು ಹೂಂ ಎಂದಿದ್ದೆ. ಅಮ್ಮನಿಗೆ ಲಕ್ವ ಹೊಡೆದಿದ್ದ ಅಷ್ಟೂ ವರ್ಷ ಪಕ್ಕದಲ್ಲಿದ್ದವಳು ನಾನು. ನೀನು ಮಠದಲ್ಲಿ ದೇವರ ಹತ್ತಿರ, ಅಣ್ಣ ಮನೋಂಗ್ ಹೆರ್ವಾಸಿಯೋ ಮತ್ತು ಅವನ ಹೆಂಡತಿ ಕ್ಲಿಯೋಫೆ ಸಿಡ್ನಿಯಲ್ಲಿ. ನಿನ್ನನ್ನು ದೂರುತ್ತಿಲ್ಲ ಅಕ್ಕಾ. ಒಬ್ಬಳೇ ಉಣ್ಣಲು ಅಮ್ಮ ಒಪ್ಪುತ್ತಿರಲಿಲ್ಲ, "ನೀನೂ ತಿನ್ನು" ಎನ್ನುತ್ತಿದ್ದಳು. ಅವಳಿಗೊಂದು ತುತ್ತು ಗಂಜಿ, ನನಗೊಂದು ತುತ್ತು. ಅವಳಿಗೊಂದು ಚಮಚ ಸಿಹಿ, ನನಗೊಂದು ಚಮಚ. ಅವಳು ಬಿಟ್ಟಿದ್ದನ್ನು ಎಸೆಯಲಾಗದೆ ಅದೂ ನನ್ನ ಹೊಟ್ಟೆಗೇ. ಅವಳು ಕರಗುತ್ತಾ ಹೋದಳು, ನಾನು ಊದುತ್ತಾ ಹೋದೆ. ನನ್ನ ಮೈಮೇಲೆ ಬಂದ ಮಾಂಸ ಸೋಮಾರಿತನದ್ದಲ್ಲ, ಅಮ್ಮನ ಮಂಚದ ಪಕ್ಕದ್ದು.

ನಮ್ಮ ಮನೆಯ ಪದ್ಧತಿ ನಿನಗೆ ಮರೆತಿರಲಾರದು. ಹಬ್ಬಕ್ಕೆ ಮೂರು ವಾರ ಮುಂಚೆ ಹೆಂಗಸರೆಲ್ಲ ಸೇರಿ ಮಾರ್ತಮ್ಮನ ವಿಗ್ರಹ ಒರೆಸಿ, ಅವಳ ಕೂದಲು ತೊಳೆದು, ಕೈಯ ಬೆಳ್ಳಿ ಸೌಟು ಉಜ್ಜುವ ದಿನವೇ ಅಮ್ಮನ ಅನಾನಸ್ ನಾರಿನ ಉಡುಪನ್ನು ಪೆಟ್ಟಿಗೆಯಿಂದ ತೆಗೆಯುವುದು. ಪಿನ್ನು ಚುಚ್ಚದೆ, ಉಸಿರು ಬಿಗಿಹಿಡಿಯದೆ, ಬೆನ್ನಿನ ಕೊಕ್ಕೆಗಳೆಲ್ಲ ಯಾರ ಮೈಮೇಲೆ ಬೀಳುತ್ತವೋ ಅವಳೇ ಮೆರವಣಿಗೆಯಲ್ಲಿ ವಿಗ್ರಹದ ಗಾಡಿಯ ಹಿಂದೆ ನಡೆಯುವುದು. ಇಬ್ಬರಿಗೆ ಸರಿಹೋದರೆ ಹಿರಿಮಗನ ಹೆಂಡತಿಗೆ ಮೊದಲ ಹಕ್ಕು. ಹೋದ ವರ್ಷ ಸೂತಕ ಮುಗಿದು ಮೊದಲ ಹಬ್ಬ. ಸಿಡ್ನಿಯಿಂದ ಗಂಟುಮೂಟೆ ಕಟ್ಟಿಕೊಂಡು ವಾಪಸು ಬಂದು, ಅಮ್ಮನ ಮನೆಯಲ್ಲೇ ಝಾಂಡಾ ಊರಿದ್ದ ಕ್ಲಿಯೋಫೆಗೆ ಉಡುಪು ಹೇಗೋ ಹೊಂದಿತು. ನನಗೆ ಬೆನ್ನಿನಲ್ಲಿ ನಾಲ್ಕು ಬೆರಳು ಕಡಿಮೆ ಬಿತ್ತು. ನಾನು ನಾಚಿಕೆ ಬಿಟ್ಟು ಕೇಳಿದೆ, ಒಳಗೆ ಬಟ್ಟೆ ಇದ್ದರೆ ಹೊಲಿಗೆ ಬಿಚ್ಚಿ ಸ್ವಲ್ಪ ಸಡಿಲ ಮಾಡಬಹುದಲ್ಲ ಎಂದು. ಅವಳೇ ಉಡುಪನ್ನು ಕಿಟಕಿಯ ಹತ್ತಿರ ಒಯ್ದು, ಒಳಗೆ ಬೆರಳಾಡಿಸಿ, "ಒಂದು ನೂಲಿನಷ್ಟೂ ಇಲ್ಲ ಇಂದಾಯ್" ಎಂದಳು, ನನ್ನನ್ನು ಅವಳು ಕರೆಯುವುದೇ ಹಾಗೆ, ಚಿಕ್ಕ ಹುಡುಗಿಯನ್ನು ಕರೆದಂತೆ. ಹೋಗಲಿ, ಅಲ್ಲಿಗೆ ಬಿಡಬೇಕಿತ್ತು. ತಿಯಾ ಎಪಾಂಗ್ ಅತ್ತೆ, ಪಾದ್ರಿಯ ತಂಗಿ, ಹಾಡುವ ಹೆಂಗಸರು ಎಲ್ಲರೂ ನೋಡುತ್ತಿರುವಾಗ ನನ್ನ ತೋಳನ್ನು ಹಿಟ್ಟಿನ ಹಾಗೆ ಹಿಂಡಿ, "ನೀನು ಹಿಂದೆ ನಡೆದ್ರೆ ಮಾರ್ತಮ್ಮನ ಗಾಡಿ ಯಾವ್ದು, ನೀನ್ಯಾವ್ದು ಅಂತ ಜನಕ್ಕೆ ಗೊತ್ತಾಗ್ಬೇಕಲ್ಲಮ್ಮ!" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ ಅಕ್ಕಾ. ಹಲ್ಲು ಕಚ್ಚಿಕೊಂಡು ನಕ್ಕೆ. ಅವತ್ತೇ ನಿರ್ಧಾರ ಮಾಡಿದೆ, ಇವಳ ಮೇಲೆ ಸೇಡು ತೀರಿಸದಿದ್ದರೆ ನಾನು ಅಮ್ಮನ ಮಗಳೇ ಅಲ್ಲ ಎಂದು.

ತಮಾಷೆ ನೋಡು, ಅದಕ್ಕೆ ಬೇಕಾದ ಆಯುಧವನ್ನು ಅವಳೇ ತಂದು ಕೈಗೆ ಕೊಟ್ಟಳು. ಹಬ್ಬ ಮುಗಿದ ಮಾರನೇ ದಿನ ಬಣ್ಣಬಣ್ಣದ ಒಂದು ಹಾಳೆ ಹಿಡಿದು ಬಂದಳು. "ತಗೋ, ಫ್ರಿಜ್ಜಿಗೆ ಅಂಟಿಸ್ಕೋ. ಸಿಡ್ನೀಲಿ ಎಲ್ರೂ ಇದನ್ನೇ ಮಾಡೋದು. ಗ್ಲೈಸೆಮಿಕ್ ಇಂಡೆಕ್ಸ್ ಅಂತಾರೆ, ನಿಂಗೆ ಬಾಯಿ ತಿರುಗಲ್ಲ, ಹಸಿರು ಕೆಂಪು ನೋಡ್ಕೊಂಡ್ರೆ ಸಾಕು." ನನಗೆ ಬಾಯಿ ಚೆನ್ನಾಗಿಯೇ ತಿರುಗುತ್ತದೆ. ವಿಷಯ ಇಷ್ಟೇ: ಯಾವ ಪದಾರ್ಥ ತಿಂದರೆ ರಕ್ತದಲ್ಲಿ ಸಕ್ಕರೆ ಎಷ್ಟು ಬೇಗ ಏರುತ್ತದೆ ಎಂಬುದಕ್ಕೆ ಒಂದೊಂದು ಅಂಕಿ. ಗ್ಲೂಕೋಸಿಗೆ ನೂರು. ಬೇಗ ಏರಿಸುವವೆಲ್ಲ ಕೆಂಪು ಸಾಲಿನಲ್ಲಿ, ನಿಧಾನವಾಗಿ ಏರಿಸುವವು ಹಸಿರಿನಲ್ಲಿ. ನಮ್ಮ ಬಿಳಿ ಅನ್ನ ಕೆಂಪು, ಅಂಟಕ್ಕಿಯ ಕಡುಬುಗಳು ಕಡು ಕೆಂಪು, ಪಾಪ ಕಲ್ಲಂಗಡಿಯೂ ಕೆಂಪು. ಹೆಸರುಕಾಳು, ಕಡಲೆಕಾಯಿ, ಗೋಡಂಬಿ, ಹಾಲು, ಹೆಸರುಕಾಳಿನ ಹಿಟ್ಟಿನ ಗಾಜಿನಂಥ ಶಾವಿಗೆ ಎಲ್ಲ ಹಸಿರು. ತೆಂಗಿನ ಸಕ್ಕರೆ, ಚಾಕೊಲೇಟು, ಐಸ್‌ಕ್ರೀಮ್ ಕೂಡ ಹಸಿರಿನ ಅಂಚಿನಲ್ಲಿ ಕೂತಿವೆ. ಹಸಿರು ತಿಂದರೆ ಹಸಿವು ಬೇಗ ಬರುವುದಿಲ್ಲ, ತೂಕ ತಾನಾಗಿ ಇಳಿಯುತ್ತದೆ ಎಂದು ಲೆಕ್ಕ. ಸಿಡ್ನಿಯ ಗೆಳತಿಯರು ಈ ವರ್ಷದ ಹಬ್ಬಕ್ಕೆ ಬರುತ್ತಾರಂತೆ, ಅವರ ಕಣ್ಣಿಗೆ ಇನ್ನೂ ತೆಳ್ಳಗೆ ಕಾಣಬೇಕೆಂದು ಅವಳೂ ಅವತ್ತಿನಿಂದಲೇ ಶುರು ಮಾಡಿದಳು. ಒಂದೇ ಅಂಗಳ, ಒಂದೇ ಹಾಳೆ, ಎದುರುಬದುರು ಎರಡು ಅಡುಗೆಮನೆ.

ಮೊದಲು ನಾನೂ ಅವಳಂತೆಯೇ ಮಾಡಿದೆ. ಅನ್ನವನ್ನು ಪೂರ್ತಿ ಬಿಟ್ಟೆ. ಹಸಿರು ಸಾಲಿನದ್ದನ್ನು ಬಿಟ್ಟು ಬೇರೆ ಮುಟ್ಟಲಿಲ್ಲ. ತಿಂಗಳು ಕಳೆದು ಔಷಧಿ ಅಂಗಡಿಯ ತಕ್ಕಡಿ ಹತ್ತಿದರೆ ತೂಕ ಇಳಿಯುವುದಿರಲಿ, ಮೇಲೇರಿತ್ತು. ಅಳುವೇ ಬಂತು. ಹಾಳೆಯನ್ನು ಹರಿದು ಒಲೆಗೆ ಹಾಕಬೇಕೆಂದು ಎದ್ದವಳು, ಆ ದಿನ ಏನೇನು ತಿಂದೆ ಎಂದು ಸುಮ್ಮನೆ ನೆನೆಸಿಕೊಂಡೆ. ಬೆಳಗ್ಗೆ ಒಂದು ದೊಡ್ಡ ಬಟ್ಟಲು ಶಾವಿಗೆ, ಆಮೇಲೆ ಬೇಯಿಸಿದ ಕಡಲೆಕಾಯಿ, ಮಧ್ಯಾಹ್ನ ತೆಂಗಿನಹಾಲಿನಲ್ಲಿ ಬೇಯಿಸಿದ ಹೆಸರುಕಾಳು, ಸಂಜೆ ಮತ್ತೆ ಶಾವಿಗೆ, ನಡುವೆ ಗೋಡಂಬಿ. ಇಷ್ಟೆಲ್ಲ ತಿಂದೂ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ ಮಾತು, ಅಯ್ಯೋ, ಇವತ್ತು ನಾನು ಊಟವೇ ಮಾಡಿಲ್ಲ! ಅಲ್ಲಿ ಹೊಳೆಯಿತು ಅಕ್ಕಾ. ನಮ್ಮವರಿಗೆ ಅನ್ನ ಮುಟ್ಟದಿದ್ದರೆ ಅದು ಊಟವಲ್ಲ, ಬರೀ ತಿಂಡಿ. ಒಂದು ತಟ್ಟೆ ಶಾವಿಗೆ, ಅರ್ಧ ಕೋಳಿ ತಿಂದವರೂ ಅನ್ನ ಕಾಣದಿದ್ದರೆ "ಇನ್ನೂ ಊಟ ಆಗಿಲ್ಲ" ಎನ್ನುತ್ತಾರೆ, ನಮ್ಮ ಅಪ್ಪನೂ ಹಾಗೇ ಎನ್ನುತ್ತಿದ್ದ. ಅನ್ನ ಬಿಟ್ಟವರಿಗೆ ಊಟ ಮುಗಿಯುವುದೇ ಇಲ್ಲ, ದಿನವಿಡೀ ತಿಂಡಿ. ಆ ಹಾಳೆಯ ಅಂಕಿ ಸುಳ್ಳಲ್ಲ. ಆದರೆ ಅದು ಸಕ್ಕರೆ ಎಷ್ಟು ಬೇಗ ಏರುತ್ತದೆ ಎಂದು ಹೇಳುತ್ತದೆಯೇ ಹೊರತು, ಎಷ್ಟು ತಿನ್ನಬೇಕೆಂದು ಹೇಳುವುದಿಲ್ಲ. ಕಲ್ಲಂಗಡಿಯ ಒಂದು ಹೋಳಿನಲ್ಲಿ ಇರುವುದು ನೀರೇ, ಆದರೂ ಕೆಂಪು. ಕಡಲೆಕಾಯಿ ಹಸಿರು, ಆದರೆ ಒಂದು ಬುಟ್ಟಿ ತಿಂದರೆ ಎಣ್ಣೆಯೆಲ್ಲ ಎಲ್ಲಿಗೆ ಹೋಗುತ್ತದೆ?

ಆವತ್ತೇ ಅನ್ನವನ್ನು ವಾಪಸು ಕರೆದೆ. ಅಮ್ಮನ ಗಂಜಿಯ ಬಟ್ಟಲಿತ್ತಲ್ಲ, ಅಂಚಿನಲ್ಲಿ ನೀಲಿ ಗೆರೆ ಇರುವ ಸಣ್ಣದು, ಅದನ್ನು ತೊಳೆದು ತೆಗೆದೆ. ಹಿಂದಿನ ದಿನ ಬೇಯಿಸಿ ತಣ್ಣಗಾದ ಅನ್ನ ಆ ಬಟ್ಟಲಿನಲ್ಲಿ ಅರ್ಧ. ತಣ್ಣಗಾದ ಅನ್ನದ ಅಂಕಿ ಸ್ವಲ್ಪ ಕೆಳಗಂತೆ, ಅದೂ ಆಯಿತು. ಜೊತೆಗೆ ಲಾಸ್ವಾ, ಅದೇ ನಮ್ಮ ಕುಂಬಳ, ನುಗ್ಗೆಸೊಪ್ಪು, ಬೆಂಡೆಯ ತಿಳಿಸಾರು, ಮತ್ತೊಂದು ಸುಟ್ಟ ಮೀನು. ಬಟ್ಟಲು ಖಾಲಿಯಾದ ಕೂಡಲೇ ಎದ್ದು ಬಾಯಿ ತೊಳೆದು, ಊಟ ಆಯಿತು ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಆಮೇಲೆ ಹೊಟ್ಟೆಗೂ ನನಗೂ ಮಾತಿಲ್ಲ. ಅಮ್ಮ ನನಗೆ ಮೈ ತುಂಬಿಸಿದ್ದು ಆ ಬಟ್ಟಲಿನಿಂದಲೇ, ಇಳಿಸಿದ್ದೂ ಆ ಬಟ್ಟಲಿನಿಂದಲೇ. ಬಟ್ಟಲು ತೊಳೆಯುವಾಗ ಎಷ್ಟೋ ದಿನ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೆ ಸಿಟ್ಟು ಅದಕ್ಕಿಂತ ಹೆಚ್ಚಾಗಿತ್ತು.

ನನಗೆ ಹೊಳೆದದ್ದನ್ನು ಎದುರುಮನೆಗೆ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಯಾಕೆ ಹೇಳಲಿ? ಬದಲಿಗೆ ತಟ್ಟೆ ಕಳಿಸಿದೆ. ಹಾಳೆಯನ್ನು ಎದುರಿಗಿಟ್ಟುಕೊಂಡು ಹಸಿರು ಸಾಲಿನದ್ದನ್ನೇ ಆರಿಸಿ ಅಡುಗೆ ಮಾಡಿದೆ. ಕಡಲೆಕಾಯಿ ಅರೆದು ದಪ್ಪ ಗೊಜ್ಜು ಮಾಡಿದ ಎತ್ತಿನ ಬಾಲದ ಕಾರೆ-ಕಾರೆ. ತೆಂಗಿನಕಾಯಿಯ ಮೊದಲ ಹಾಲು, ಎರಡನೆಯ ಹಾಲು ಎರಡನ್ನೂ ಸುರಿದು ಬೇಯಿಸಿದ ಹೆಸರುಕಾಳು. ಎಮ್ಮೆ ಹಾಲು ಬತ್ತಿಸಿ ತೆಂಗಿನ ಸಕ್ಕರೆ ಹಾಕಿದ ಮಿಠಾಯಿ. ಅವಳ ಹುಟ್ಟುಹಬ್ಬಕ್ಕೆ ಗೋಡಂಬಿ ಹಾಕಿದ ಐಸ್‌ಕ್ರೀಮಿನ ಇಡೀ ಡಬ್ಬಿ. ನೆರೆಯಿಂದ ಬಂದ ತಟ್ಟೆಯನ್ನು ಬೇಡವೆನ್ನುವಂತಿಲ್ಲ, ನಿನಗೇ ಗೊತ್ತು. ಅದರಲ್ಲೂ ಪರದೇಶದಿಂದ ಬಂದವಳು ಬೇಡವೆಂದರೆ ಸೊಕ್ಕು ಬಂದಿದೆ ಎಂದು ಬೀದಿಯೆಲ್ಲ ಮೂಗು ಮುರಿಯುತ್ತದೆ. ಖಾಲಿ ತಟ್ಟೆ ವಾಪಸು ಕಳಿಸುವಂತೆಯೂ ಇಲ್ಲವಲ್ಲ. ಅವಳು ಹಸಿರು ಸಾಲಿನದ್ದೇ ಏನಾದರೂ ತುಂಬಿ ಕಳಿಸುತ್ತಿದ್ದಳು, ನಾನು ಅದನ್ನು ಗೋಡೆಯಾಚೆಯ ಹಂದಿಗಳಿಗೆ ಹಾಕುತ್ತಿದ್ದೆ. ಹಂದಿಗಳೂ ಚೆನ್ನಾಗಿ ಮೈ ಬಿಟ್ಟಿವೆ. "ಇಂದಾಯ್, ಎಲ್ಲಾ ಹಸಿರೇ ಮಾಡಿದ್ದೀಯಲ್ಲ, ನಿಂಗೆ ಕೊನೆಗೂ ಬುದ್ಧಿ ಬಂತು!" ಎಂದು ಬಾಯಿ ತುಂಬಾ ಹೊಗಳುತ್ತಾ ತಿಂದಳು. ನಾನು ಗಂಜಿ ಬಟ್ಟಲಿನಲ್ಲಿ ಅನ್ನ ತಿನ್ನುವುದನ್ನು ಕಿಟಕಿಯಿಂದ ಕಂಡರೆ, "ಅಯ್ಯಯ್ಯೋ, ಮತ್ತೆ ಅನ್ನ! ನಾನು ನೋಡು, ವರ್ಷ ಆಯ್ತು ಅನ್ನದ ಮುಖ ನೋಡಿಲ್ಲ, ಇವತ್ತಂತೂ ಬೆಳಗ್ಗೆಯಿಂದ ಏನೂ ತಿಂದಿಲ್ಲ" ಎನ್ನುತ್ತಿದ್ದಳು. ಹಾಗೆ ಹೇಳುವಾಗ ಅವಳ ಕೈಯಲ್ಲಿ ಶಾವಿಗೆಯ ಬಟ್ಟಲಿರುತ್ತಿತ್ತು. ಅವಳು ಸುಳ್ಳು ಹೇಳುತ್ತಿರಲಿಲ್ಲ ಅಕ್ಕಾ, ನಿಜವಾಗಿಯೂ ಏನೂ ತಿಂದಿಲ್ಲ ಎಂದೇ ನಂಬಿದ್ದಳು. ನಾನು "ನಿಂಗಿರೋ ಗಟ್ಟಿ ಮನಸ್ಸು ನಂಗೆಲ್ಲಿಂದ ಬರ್ಬೇಕು ಅತ್ತಿಗೆ" ಎಂದು ನಿಟ್ಟುಸಿರು ಬಿಡುತ್ತಿದ್ದೆ. ಆ ನಿಟ್ಟುಸಿರು ಬಿಡುವಾಗ ಎಷ್ಟು ಸುಖವಾಗುತ್ತಿತ್ತು ಎಂದು ನಿನ್ನಂಥ ಕನ್ಯಾಸ್ತ್ರೀಗೆ ಹೇಳಿದರೆ ಅರ್ಥವಾಗುವುದಿಲ್ಲ.

ನಿನ್ನೆ ಭಾನುವಾರ ಮಾರ್ತಮ್ಮನನ್ನು ಒರೆಸುವ ದಿನ. ನಾನು ವರ್ಷವಿಡೀ ದೊಗಲೆ ಬಟ್ಟೆಯನ್ನೇ ಹಾಕಿಕೊಂಡಿದ್ದೆ, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಎಲ್ಲರೂ ಕಾಯುತ್ತಿರುವಾಗ ಕ್ಲಿಯೋಫೆ, "ಮೊದ್ಲು ಇಂದಾಯ್ ಹಾಕ್ಕೊಳ್ಲಿ, ನಗೋದಿದ್ರೆ ಒಂದೇ ಸಲ ನಕ್ಕು ಮುಗಿಸೋಣ" ಎಂದಳು. ಹಾಕಿಕೊಂಡೆ. ತಿಯಾ ಎಪಾಂಗ್ ಅತ್ತೆಯ ಬೆರಳು ನಡುಗುತ್ತವೆ, ಆದರೂ ಅವಳೇ ಕೊಕ್ಕೆ ಹಾಕಬೇಕು. ಒಂದೊಂದಾಗಿ ಕೆಳಗಿನಿಂದ ಮೇಲಿನವರೆಗೆ ಎಲ್ಲವೂ ಬಿದ್ದವು. ನಾನು ಉಸಿರೆಳೆದುಕೊಂಡೆ, ಮಾತಾಡಿದೆ, ಬಗ್ಗಿ ನೆಲದ ಮೇಲಿದ್ದ ಒರೆಸುವ ಬಟ್ಟೆ ಎತ್ತಿಕೊಟ್ಟೆ. ಒಂದು ಕೊಕ್ಕೆಯೂ ಅಲುಗಲಿಲ್ಲ. ಅತ್ತೆ ನನ್ನ ಬೆನ್ನಿಗೆ ಕೈಯಿಟ್ಟು, "ಥೇಟ್ ನಿಮ್ಮಮ್ಮನೇ ನಿಂತಂಗಿದೆ ಕಣೇ" ಎಂದಳು. ಆಗ ನನಗೆ ಅಳು ಬಂತು. ಹೂಂ, ಅತ್ತುಬಿಟ್ಟೆ. ಆಮೇಲೆ ಕ್ಲಿಯೋಫೆಯ ಸರದಿ. ಭುಜದವರೆಗೆ ಹೋದ ಉಡುಪು ಬೆನ್ನಿನಲ್ಲಿ ಬಾಯಿ ಬಿಟ್ಟುಕೊಂಡು ನಿಂತಿತು, ಹೋದ ವರ್ಷ ನನಗೆ ನಿಂತಿದ್ದಕ್ಕಿಂತ ಅಗಲವಾಗಿ. ಹಾಡುವ ಹೆಂಗಸೊಬ್ಬಳು ಕೆಮ್ಮಿದಳು. ಕ್ಲಿಯೋಫೆಯ ಮುಖ ಬೀಟ್‌ರೂಟಿನಂತಾಯಿತು. "ಸಾಧ್ಯಾನೇ ಇಲ್ಲ! ನಾನು ಒಂದು ವರ್ಷದಿಂದ ಊಟಾನೇ ಮಾಡಿಲ್ಲ!" ಎಂದು ಕೂಗಿದಳು. ನಾನು ಮಾರ್ತಮ್ಮನ ಸೌಟು ಉಜ್ಜುತ್ತಾ ಕೂತೆ.

ಅಲ್ಲಿಗೇ ಮುಗಿದಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ, ಅವಳನ್ನು ಕ್ಷಮಿಸುತ್ತಿದ್ದೆನೋ ಏನೋ. ಸಿಟ್ಟಿನಲ್ಲಿ ಅವಳ ಬಾಯಿಂದ ಒಂದು ಮಾತು ಜಾರಿತು. "ಬಿಚ್ಚಿ ಸಡಿಲ ಮಾಡಿದ್ರಾಯ್ತು, ಎರಡೂ ಪಕ್ಕ ಒಳಗೆ ಮೂರ್ಮೂರು ಬೆರಳು ಬಟ್ಟೆ ಮಡಚಿಟ್ಟಿದೆಯಲ್ಲ!" ಎಂದುಬಿಟ್ಟಳು. ನಾನು ಉಜ್ಜುವುದನ್ನು ನಿಲ್ಲಿಸಿದೆ. ಎದ್ದು ಹೋಗಿ ಉಡುಪಿನ ಒಳಗೆ ಕೈಹಾಕಿ ನೋಡಿದೆ. ಇತ್ತು ಅಕ್ಕಾ. ಎರಡೂ ಪಕ್ಕದಲ್ಲಿ ಮೂರು ಬೆರಳು ಬಟ್ಟೆ, ಅಮ್ಮನ ಕೈಯ ಸಣ್ಣ ಹೊಲಿಗೆ. ಹೆಣ್ಣುಮಕ್ಕಳಲ್ಲಿ ಯಾರು ದಪ್ಪಗಾದರೂ ಹೊಂದಲಿ ಎಂದು ಅಮ್ಮ ಬಿಟ್ಟಿದ್ದು. ಹೋದ ವರ್ಷ ಕ್ಲಿಯೋಫೆ ಕಿಟಕಿಯ ಬೆಳಕಿನಲ್ಲಿ ಅದೇ ಬಟ್ಟೆಯ ಮೇಲೆ ಬೆರಳಾಡಿಸಿ, ನೂಲಿನಷ್ಟೂ ಇಲ್ಲ ಎಂದು ನನ್ನ ಮುಖ ನೋಡಿ ಹೇಳಿದ್ದಳು. ಇದೆ ಎಂದಿದ್ದರೆ, ಮೊದಲ ಹಕ್ಕು ಅವಳದ್ದಾದರೂ ಅಮ್ಮನ ಕೊನೆಯ ಮಾತು ಹೇಳಿ ಆ ಜಾಗ ಬೇಡಿಕೊಂಡು, ಹೋದ ವರ್ಷವೇ ನಾನು ಅಮ್ಮನಿಗೆ ಕೊಟ್ಟ ಮಾತು ಉಳಿಸಿಕೊಳ್ಳುತ್ತಿದ್ದೆ. ಸೂತಕ ಕಳೆದ ಮೊದಲ ಹಬ್ಬ ಅದು, ಮತ್ತೆ ಬರುವುದಿಲ್ಲ. ನನ್ನ ಕೈಯಲ್ಲಿ ಸೌಟಿತ್ತು, ಬೆಳ್ಳಿಯದು, ಭಾರವಾದದ್ದು. ಅತ್ತೆ ಮೆಲ್ಲಗೆ ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು.

ಮನೋಂಗ್ ಹೆರ್ವಾಸಿಯೋ ನಿನಗೆ ಗೊತ್ತೇ ಇದೆ, ಹೆಂಡತಿಯ ಮುಂದೆ ಬೆಕ್ಕಿನ ಮರಿ. ತಲೆ ಕೆರೆದುಕೊಂಡು ಒಂದು ತೀರ್ಪು ಕೊಟ್ಟ. "ಹಳೇ ನಾರು, ಊರಿನ ದರ್ಜಿ ಮುಟ್ಟಿದ್ರೆ ಹರಿದುಹೋಗುತ್ತೆ. ಮಠಕ್ಕೆ ಕಳಿಸೋಣ, ಅಲ್ಲಿ ನಾಜೂಕು ಹೊಲಿಗೆ ಮಾಡೋ ಲುದಿಂಗ್ ಕೈಯಲ್ಲಿ ಬಿಚ್ಚಿಸೋಣ. ಸಡಿಲ ಆದ್ಮೇಲೆ ಇಬ್ರಿಗೂ ಆಗುತ್ತಲ್ಲ, ಜಗಳ ಯಾಕೆ?" ಎಂದ. ಇಬ್ಬರಿಗೂ ಆದರೆ ನಡೆಯುವವಳು ಯಾರು ಎಂಬುದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಅವಳು ಆಗಲೇ ಸಿಡ್ನಿಗೆ ಫೋನು ಮಾಡಿ ನಗುತ್ತಿದ್ದಳು. ಅತ್ತೆ ಮಾತ್ರ ಹೋಗುವಾಗ ನನ್ನ ಗಲ್ಲ ಹಿಡಿದು, "ಮೈ ಕರಗಿಸಿದೆ ಸರಿ, ಮುಖ ಯಾಕೇ ಹಿಂಗೆ ಕಲ್ಲು ಮಾಡ್ಕೊಂಡಿದ್ದೀಯ?" ಎಂದಳು. ಕಲ್ಲಾದರೆ ಆಗಲಿ. ಮಾರ್ತಮ್ಮನ ಮುಖವೂ ಮರದ್ದೇ ತಾನೇ.

ಹಾಗಾಗಿ ಉಡುಪು ನಿನ್ನ ಹತ್ತಿರ ಬರುತ್ತಿದೆ. ನಿನಗೆ ಸರಿ ಕಂಡಂತೆ ಮಾಡು. ನಾನು ನಿನಗೆ ಹೇಳುವಷ್ಟು ದೊಡ್ಡವಳಲ್ಲ. ನಿನ್ನ ಜೊತೆಯ ಸಿಸ್ಟರುಗಳಿಗೆಲ್ಲ ನನ್ನ ವಂದನೆ ತಿಳಿಸು, ಮದರ್‌ಗೆ ನಮಸ್ಕಾರ ಹೇಳು, ಕಾಗದದ ವಿಷಯ ಹೇಳಬೇಡ. ಸಂತ ಮಾರ್ತಾ ನಿನ್ನ ಮಂಡಿಗಳನ್ನು ಕಾಯಲಿ. ನನಗಾಗಿ ಪ್ರಾರ್ಥಿಸು, ಆದರೆ ನನ್ನ ಸಿಟ್ಟು ಇಳಿಯಲಿ ಎಂದು ಮಾತ್ರ ಬೇಡಿಕೊಳ್ಳಬೇಡ, ಹಬ್ಬದವರೆಗೆ ಅದು ನನಗೆ ಬೇಕು.

ನಿನ್ನ ತಂಗಿ,
ಪೆರ್ಪೆತುವಾ (ನಿನ್ನ ಪೆಪಿಂಗ್)

ಮರೆತ ಮಾತು: ಮಧ್ಯಾಹ್ನದ ದೋಣಿಗೆ ಪೆಟ್ಟಿಗೆ ಹೋಗಬೇಕು, ಬೇಗ ಬೇಗ ಬರೆಯುತ್ತಿದ್ದೇನೆ. ಪೆಟ್ಟಿಗೆ ಕಟ್ಟುವ ಕೆಲಸವನ್ನು ನನಗೇ ಹಚ್ಚಿದ್ದಾರೆ, ಅದಕ್ಕೇ ಈ ಕಾಗದ ನಿನಗೆ ಉಡುಪಿನ ಎಡತೋಳಿನೊಳಗೆ ಸಿಕ್ಕಿದೆ. ಮೇಲೆ ಬರೆದ "ಸರಿ ಕಂಡಂತೆ ಮಾಡು" ಎಂಬ ಮಾತನ್ನು ಬಿಟ್ಟುಬಿಡು. ಹೊಲಿಗೆ ಬಿಚ್ಚಬೇಡ ಅಕ್ಕಾ. ಒಳಗೆ ಮಡಚಿಟ್ಟ ಬಟ್ಟೆಯನ್ನು ಎರಡೂ ಪಕ್ಕ, ಹೊಲಿಗೆಯ ಅಂಚಿಗೆ ಸರಿಯಾಗಿ ಕತ್ತರಿಸಿಬಿಡು. ಅದು ಅಮ್ಮ ತನ್ನ ಹೆಣ್ಣುಮಕ್ಕಳಿಗೆ ಬಿಟ್ಟದ್ದು, ಕ್ಲಿಯೋಫೆಗಲ್ಲ. ಮುಂದೆ ನಾನೇ ದಪ್ಪಗಾದರೆ ಎಂದು ಕೇಳುತ್ತೀಯ, ಗೊತ್ತು. ಆಗ ನಾನೂ ನಡೆಯುವುದಿಲ್ಲ, ಉಡುಪು ಪೆಟ್ಟಿಗೆಯಲ್ಲೇ ಇರಲಿ, ಆದರೆ ಅವಳ ಮೈಮೇಲೆ ಬೇಡ. ಪಾಪ ಪೂರ್ತಿ ನನ್ನದು, ಹಬ್ಬದ ಮಾರನೇ ದಿನ ಪಾಪನಿವೇದನೆಗೆ ಹೋಗುತ್ತೇನೆ, ಮುಂಚೆ ಹೋಗುವುದಿಲ್ಲ. ಕತ್ತರಿಸಿದ ಬಟ್ಟೆಯನ್ನು ಎಸೆಯಬೇಡ. ಅಂಚು ಹೊಲಿದು ಒಂದು ಸಣ್ಣ ಕೈವಸ್ತ್ರ ಮಾಡಿ ಉಡುಪಿನ ಜೊತೆಗೇ ಕಳಿಸು. ಅದನ್ನು ಮಾರ್ತಮ್ಮನ ಸೌಟಿನ ಹಿಡಿಗೆ ಕಟ್ಟುತ್ತೇನೆ. ಮೆರವಣಿಗೆ ಮನೆಯ ಮುಂದೆ ಬಂದಾಗ ಕ್ಲಿಯೋಫೆ ಸಿಡ್ನಿಯ ಗೆಳತಿಯರ ಜೊತೆ ಜಗಲಿಯಲ್ಲಿ ನಿಂತು, ನೂಲಿನಷ್ಟೂ ಇಲ್ಲದ ಆ ಬಟ್ಟೆ ಗಾಳಿಗೆ ಹಾರುವುದನ್ನು ಕಣ್ಣಾರೆ ನೋಡಲಿ.